ಸಾಕವ್ವನ ಮುನ್ನೂರು ಖಾನೆಯ ಪೆಟ್ಟಿಗೆ

ಬಹಳ ಹಿಂದೆ, ಹೆಣಿಗೆ ಕಡ್ಡಿಗಳು ಇನ್ನೂ ಮನುಷ್ಯರ ಮಾತು ಕೇಳುತ್ತಿದ್ದ ಕಾಲದಲ್ಲಿ, ಮಾಗಿಪುರ ಎಂಬ ಒಂದು ರಾಜ್ಯವಿತ್ತು. ವರ್ಷದಲ್ಲಿ ಒಂಬತ್ತು ತಿಂಗಳು ಅಲ್ಲಿ ಚಳಿ. ಉಳಿದ ಮೂರು ತಿಂಗಳು ಜನ ಮುಂದಿನ ಚಳಿಗಾಗಿ ಉಣ್ಣೆ ನೂಲುತ್ತಿದ್ದರು. ರಾಜನಿಂದ ಹಿಡಿದು ಮಡಿವಾಳನವರೆಗೆ ಎಲ್ಲರಿಗೂ ಹೆಣೆಯಲು ಬರುತ್ತಿತ್ತು.

ಆ ರಾಜ್ಯದಲ್ಲಿ ಹೆಣೆದದ್ದಕ್ಕೆಲ್ಲ ಒಂದೊಂದು ಗುಣವಿತ್ತು. ಒಂದು ನಮೂನೆಯ ಕುಲಾವಿ ಹಾಕಿದ ಕೂಸಿಗೆ ಜ್ವರ ಬರುತ್ತಿರಲಿಲ್ಲ. ಇನ್ನೊಂದು ನಮೂನೆಯ ಕಾಲುಚೀಲ ತೊಟ್ಟವನು ಮೂರು ದಿನದ ದಾರಿಯನ್ನು ಒಂದೇ ದಿನದಲ್ಲಿ ನಡೆಯುತ್ತಿದ್ದ. ನಮೂನೆ ತಪ್ಪಿತೋ, ಅದು ಬರೀ ಕಾಲುಚೀಲ.

ಆ ನಮೂನೆಗಳೆಲ್ಲ ಇದ್ದದ್ದು ಅರಮನೆಯ ಹಿಂದಿನ ನಮೂನೆಮನೆಯಲ್ಲಿ, ಸಾಕವ್ವನ ಕೈಯಲ್ಲಿ. ಸಾಕವ್ವ ಐವತ್ತು ದಾಟಿದ ಕುಳ್ಳಗಿನ ಹೆಂಗಸು. ಮಾತು ಕಡಿಮೆ, ಮೂಗಿನ ಮೇಲೆ ಕೋಪ. ಆದರೆ ಅವಳ ಅಚ್ಚುಕಟ್ಟು ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತಿತ್ತು. ಗೋಡೆಗೆ ಒರಗಿಸಿದ ಒಂದು ಪೆಟ್ಟಿಗೆ, ಅದರಲ್ಲಿ ಮುನ್ನೂರು ಖಾನೆ. ಒಂದೊಂದು ಖಾನೆಯಲ್ಲೂ ಅಂಗೈ ಅಗಲದ ಹೆಣೆದ ತುಂಡುಗಳು. ಒಂದೊಂದು ತುಂಡಿಗೂ ಕಟ್ಟಿದ ಒಂದು ಚೀಟಿ: ಯಾವ ಕಡ್ಡಿ, ಎಷ್ಟು ಕುಣಿಕೆ, ಎಷ್ಟು ಸಾಲು ಸೀದಾ, ಎಷ್ಟು ಉಲ್ಟಾ. ಹುಳು ಹತ್ತದ ಹಾಗೆ ಬಜೆಬೇರಿನ ಗಂಟು. ವರ್ಷಕ್ಕೆರಡು ಸಲ ಎಲ್ಲವನ್ನೂ ಬಿಸಿಲಿಗೆ ಹರವಿ, ಹರವಿದ ಹಾಗೆಯೇ ಎತ್ತಿಡುತ್ತಿದ್ದಳು. ನನಗೆ ನನ್ನದೇ ಕನ್ನಡಕ ಎಲ್ಲಿದೆ ಅಂತ ಗೊತ್ತಿರುವುದಿಲ್ಲ, ಅದಕ್ಕೇ ಇಂಥವರನ್ನು ಕಂಡರೆ ನನಗೆ ದೊಡ್ಡ ಗೌರವ.

ಖಾನೆಗಳಿಗೆ ಅವಳು ಬಣ್ಣದ ಹೆಸರಿಟ್ಟಿರಲಿಲ್ಲ, ಅಂದಚೆಂದದ ಹೆಸರೂ ಇಟ್ಟಿರಲಿಲ್ಲ. 'ಅಳುವ ಕೂಸಿಗೆ', 'ದೂರ ಹೋಗುವವರಿಗೆ', 'ದನಕರುವಿಗೆ', 'ಹೊಳೆ ಕಣಿವೆ ದಾಟಲು' ಎಂದು ಬರೆದಿದ್ದಳು. ಬಾಗಿಲಿಗೆ ಬಂದವರು ಕೇಳುವುದು ತಮ್ಮ ಕಷ್ಟದ ಹೆಸರನ್ನಲ್ಲವೇ?

ಇನ್ನೊಂದು ಪದ್ಧತಿಯೂ ಅಲ್ಲಿತ್ತು. ಹೆಣೆಯುವಾಗ ಆದ ತಪ್ಪನ್ನು ಚೀಟಿಯ ಬೆನ್ನಿಗೆ ಬರೆದಿಡಬೇಕು. ಮಂತ್ರಿ ವಿಬುಧಯ್ಯ ಇದನ್ನು ಕಂಡು ನಗುತ್ತಿದ್ದ. ತಪ್ಪಿಗೂ ಪೆಟ್ಟಿಗೆಯಲ್ಲಿ ಜಾಗ ಕೊಟ್ಟಿದ್ದಾಳಲ್ಲ ಎಂದು ಆಡಿಕೊಳ್ಳುತ್ತಿದ್ದ.

"ಸರಿ ಇದ್ದದ್ದು ಎಲ್ರಿಗೂ ನೆನಪಿರ್ತದೆ ಬುದ್ಧಿ," ಅನ್ನುತ್ತಿದ್ದಳು ಸಾಕವ್ವ. "ಬರೆದಿಡಬೇಕಾದ್ದು ತಪ್ಪನ್ನೇ."

ರಾಜನಿಗೆ ಒಬ್ಬಳೇ ಮಗಳು, ಆರು ವರ್ಷದ ಇಂದುಕಲೆ. ಅವಳು ಸದಾ ಒಂದು ಕೆಂಪು ಉಣ್ಣೆಯಂಗಿ ತೊಟ್ಟಿರುತ್ತಿದ್ದಳು. ಅದನ್ನು ಹೆಣೆದವಳು ಸಾಕವ್ವ. ಆ ಅಂಗಿಯಲ್ಲಿ ಸಾಕವ್ವನ ಒಂದು ಗುಟ್ಟಿತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಒಂದು ದಿನ ಮಧ್ಯಾಹ್ನ ಇಂದುಕಲೆ ಅರಮನೆಯ ತೋಟದಲ್ಲಿ ಉಯ್ಯಾಲೆ ಆಡುತ್ತಿದ್ದಳು. ಕರಿಕಲ್ಲು ಕೋಟೆಯ ಮಾಂತ್ರಿಕ ನೂಲುನುಂಗ ಅಲ್ಲಿಗೆ ಬಂದ. ಹೆಣೆದದ್ದರ ತುದಿ ಹುಡುಕಿ ಎಳೆಯುವುದೇ ಅವನ ವಿದ್ಯೆ. ಅವನು ಕೆಂಪು ಅಂಗಿಯ ತುದಿ ಹಿಡಿದು ಎಳೆದ. ಅಂಗಿ ಬಿಚ್ಚಿಕೊಂಡಿತು, ಅಂಗಿಯ ಜೊತೆಗೆ ಹುಡುಗಿಯೂ ಬಿಚ್ಚಿಕೊಂಡಳು. ಅವನ ಕೈಯಲ್ಲಿ ಒಂದು ಕೆಂಪು ನೂಲಿನ ಉಂಡೆ ಉಳಿಯಿತು.

"ನೂಲಿಗೆ ಹದಿನೈದು ದಿನದ ನೆನಪು," ಎಂದು ಅವನು, ರಾಣಿಯೊಡನೆ ಓಡಿಬಂದ ರಾಜನಿಗೆ ಕೂಗಿ ಹೇಳಿದ. "ಅಷ್ಟರೊಳಗೆ, ನಾನು ಬಿಚ್ಚಿದ್ದನ್ನು ಮತ್ತೆ ಹೆಣೆಯಬಲ್ಲ ನಿನ್ನ ನಮೂನೆಗಳನ್ನೆಲ್ಲ ಸುಡು, ಉಂಡೆ ಕೊಡುತ್ತೇನೆ. ಇಲ್ಲದಿದ್ದರೆ ಇವಳು ಬರೀ ಉಣ್ಣೆ." ಹಾಗೆಂದು ಮಂಜಿನಲ್ಲಿ ಮರೆಯಾದ.

ರಾಣಿ ಉಯ್ಯಾಲೆಯ ಹಗ್ಗ ಹಿಡಿದು ಕುಸಿದಳು. ರಾಜ ಆ ಕ್ಷಣವೇ ನಮೂನೆಮನೆಗೆ ಬೆಂಕಿ ಇಡಲು ಹೊರಟ. ಸಾಕವ್ವ ಬಾಗಿಲಿಗೆ ಅಡ್ಡ ನಿಂತಳು. ನಮೂನೆ ಸುಟ್ಟರೆ, ಉಂಡೆ ಕೈಗೆ ಬಂದರೂ ಮಗುವನ್ನು ಮತ್ತೆ ಹೆಣೆಯುವುದು ಹೇಗೆ ಎಂದು ಕೇಳಿದಳು. ರಾಜನ ಕೈಯ ದೀವಟಿಗೆ ಕೆಳಗಿಳಿಯಿತು.

ಮೊದಲು ಸೇನಾಪತಿ ಕುದುರೆಯೇರಿ ಹೋದ. ದಾರಿಯಲ್ಲೇ ಎದುರಾದ ನೂಲುನುಂಗನ ಕರಿ ನಿಲುವಂಗಿಗೆ ತಗುಲಿ ಅವನ ಕತ್ತಿ ಮುರಿಯಿತು. ಆಮೇಲೆ ವಿಬುಧಯ್ಯ ಪೆಟ್ಟಿಗೆಯಿಂದ ಚೆಂದ ಕಂಡ ನಲವತ್ತು ನಮೂನೆಗಳನ್ನು ಆರಿಸಿಕೊಂಡು, ಅವನೂ ಕುದುರೆಯ ಮೇಲೆ ಹೋದ. ಯಾವುದು ಯಾವುದಕ್ಕೆ ಎಂದು ತಿಳಿಯದೆ, ನಮೂನೆಗಳನ್ನು ಹಾಗೇ ಹೊತ್ತು, ತಲೆಯ ಪೇಟ ಕಳೆದುಕೊಂಡು ಬಂದ. ಹೀಗೆ ಆರು ದಿನ ಕಳೆಯಿತು.

ಏಳನೆಯ ದಿನ ಸಾಕವ್ವ ಹೊರಟಳು. ಒಂದು ಮುದಿ ಹೇಸರಗತ್ತೆಯ ಮೇಲೆ ಪೆಟ್ಟಿಗೆ ಹೇರಿ, ಉಣ್ಣೆಯ ಮೂಟೆ ಕಟ್ಟಿ, ಸೊಂಟಕ್ಕೆ ಕಡ್ಡಿ ಸಿಕ್ಕಿಸಿಕೊಂಡಳು. ಬೀದಿಯಲ್ಲಿ ಒಬ್ಬಿಬ್ಬರು ನಕ್ಕರು. ಅವಳು ತಿರುಗಿ ನೋಡಲಿಲ್ಲ.

ಮೂರು ದಿನ ನಡೆದ ಮೇಲೆ ಒಂದು ಕಣಿವೆಬಾಯಿ ಸಿಕ್ಕಿತು. ಅಲ್ಲಿ ಮೂರು ತಲೆಯ ನಾಯಿ ಕಾವಲಿತ್ತು. ಸೇನಾಪತಿಯ ಕುದುರೆಯನ್ನು ಕಚ್ಚಿದ್ದು ಅದೇ. ಸಾಕವ್ವ ದೂರದಲ್ಲೇ ನಿಂತು ನೋಡಿದಳು. ನಾಯಿ ಬೊಗಳುತ್ತಿತ್ತು ನಿಜ, ಆದರೆ ಅದರ ಆರು ಕಿವಿಗಳೂ ಚಳಿಗೆ ನಡುಗುತ್ತಿದ್ದವು. ಅವಳು 'ದನಕರುವಿಗೆ' ಎಂಬ ಖಾನೆ ಎಳೆದಳು. ಅದರಲ್ಲಿ ಎರಡು ತಲೆಯ ಕರುವಿಗೆಂದು ಯಾರೋ ಹಿಂದೆ ಹೆಣೆದ ಕುಲಾವಿಯ ನಮೂನೆಯಿತ್ತು. ಚೀಟಿಯ ಬೆನ್ನಿಗೆ, 'ಕಿವಿಗೆ ತೂತು ಬಿಡುವುದು ಮರೆತೆ, ಕರು ಕಿತ್ತೆಸೆಯಿತು' ಎಂದಿತ್ತು. ಸಾಕವ್ವ ಮೂರು ತಲೆಗೆ ಲೆಕ್ಕ ಹಾಕಿ, ಆರು ಕಿವಿಗೂ ತೂತು ಬಿಟ್ಟು ಹೆಣೆದಳು. ದೂರದಿಂದಲೇ ಎಸೆದ ಕುಲಾವಿ ತಲೆಗೇರುತ್ತಲೇ ನಾಯಿ ಸುರುಳಿ ಸುತ್ತಿ ಮಲಗಿತು. ಪಾಪ, ಹುಟ್ಟಿದಾಗಿನಿಂದ ಅದು ಬೆಚ್ಚಗೆ ಮಲಗಿರಲಿಲ್ಲ.

ಮರುದಿನ ಒಂದು ಆಳವಾದ ಕಮರಿ ಎದುರಾಯಿತು. ಸೇತುವೆಯಿಲ್ಲ, ಕೆಳಗೆ ಗಾಳಿ ಹೆಬ್ಬುಲಿಯ ರೂಪದಲ್ಲಿ ಓಡಾಡುತ್ತಿತ್ತು. ಸಾಕವ್ವ 'ಹೊಳೆ ಕಣಿವೆ ದಾಟಲು' ಎಂಬ ಖಾನೆ ಎಳೆದಳು. ಅದರಲ್ಲಿ ಕೊಕ್ಕೆಕಡ್ಡಿಯಲ್ಲಿ ಹೆಣೆಯುವ ಬಲೆಸೇತುವೆಯ ನಮೂನೆಯಿತ್ತು. ಚೀಟಿಯ ಬೆನ್ನಿಗೆ, 'ಭಾರ ಬಿದ್ದರೆ ಜೋಲುತ್ತದೆ, ಅಳತೆಗಿಂತ ಮೂರು ಮೊಳ ಕಡಿಮೆ ಹೆಣೆ, ನಾನು ಸೊಂಟ ಮುರಿದುಕೊಂಡೆ' ಎಂದಿತ್ತು. ಅದನ್ನು ಬರೆದಿಟ್ಟ ಪುಣ್ಯಾತ್ಗಿತ್ತಿಯನ್ನು ನೆನೆದು ಸಾಕವ್ವ ಮೂರು ಮೊಳ ಕಡಿಮೆ ಹೆಣೆದು ಬೀಸಿ ಒಗೆದಳು. ಸೇತುವೆ ತಾನಾಗಿ ಆಚೆ ಬಂಡೆಗೆ ಕಚ್ಚಿಕೊಂಡಿತು. ಹೇಸರಗತ್ತೆ ಕಣ್ಣು ಮುಚ್ಚಿ ದಾಟಿತು. ಹೆಬ್ಬುಲಿ ನೆಗೆದರೂ ಅದರ ಪಂಜ ಒಂದು ಮೊಳ ಕೆಳಗೇ ಉಳಿಯಿತು.

ಮೂರನೆಯ ಪರೀಕ್ಷೆ ನೂಲುನುಂಗನೇ. ಕರಿಕಲ್ಲು ಕೋಟೆಯ ಅಂಗಳದಲ್ಲಿ ಅವನು ಕೂತಿದ್ದ, ಸೊಂಟದ ಚೀಲದಲ್ಲಿ ಕೆಂಪು ಉಂಡೆ. ಪೆಟ್ಟಿಗೆ ಕಂಡದ್ದೇ ಅವನ ಬಾಯಲ್ಲಿ ನೀರೂರಿತು. ಹಾರಿ ಬಂದು ಖಾನೆಗಳನ್ನು ಎಳೆದು, ತುಂಡುಗಳ ತುದಿ ಹುಡುಕಿ ಬಿಚ್ಚತೊಡಗಿದ. ನೂರು ವರ್ಷದ ಕೆಲಸ ನೂಲಾಗಿ ಅವನ ಬಾಯಿಗೆ ಹೋಯಿತು. ಚೀಟಿಗಳು ಮಾತ್ರ ನೆಲಕ್ಕೆ ಉದುರಿದವು. ಇಂದುಕಲೆಯ ಅಂಗಿಯ ತುಂಡೂ ಹಾಗೇ ಹೋಯಿತು. ಸಾಕವ್ವ ಅಳುತ್ತ ನಿಲ್ಲಲಿಲ್ಲ.

ಎಲ್ಲಕ್ಕಿಂತ ಕೆಳಗೆ, ಮೂಲೆಯಲ್ಲಿ, ಯಾರೂ ಕೇಳದ ಒಂದು ಖಾನೆಯಿತ್ತು. ಅದರ ಹೆಸರು 'ಕೊಟ್ಟು ಕೆಟ್ಟವು'. ಯಾರಿಗೆ ಕೊಡಬಾರದಿತ್ತೋ ಅವರಿಗೆ ಕೊಟ್ಟದ್ದರ ನಮೂನೆ ಇಡುವ ಜಾಗ ಅದು. ಸಾಕವ್ವ ಬಗ್ಗಿ ಅದನ್ನು ಎಳೆದಳು. ಒಂದೇ ಒಂದು ಕರಿ ತುಂಡು. ಹಿಂದೆ ಯಾರೋ ಬರೆದ ಚೀಟಿಯಲ್ಲಿ, 'ಚಳಿ ಎಂದು ಬಾಗಿಲಿಗೆ ಬಂದವನಿಗೆ ನಿಲುವಂಗಿ, ಕತ್ತಿಗೆ ಹರಿಯದು, ಬೆಂಕಿಗೆ ಸುಡದು'. ಬೆನ್ನಿಗೆ, 'ಎಡ ಹೆಗಲ ಕೆಳಗೆ, ಅರವತ್ತಮೂರನೆಯ ಸಾಲಿನಲ್ಲಿ ಒಂದು ಕುಣಿಕೆ ಜಾರಿದೆ, ಅವನು ಹೋದ ಮೇಲೆ ನೆನಪಾಯಿತು'.

ನೂಲುನುಂಗ ಬೆನ್ನು ಹಾಕಿ ಪೆಟ್ಟಿಗೆಯೊಳಗೆ ತಲೆ ತೂರಿಸಿದ್ದ. ಆಸೆಬುರುಕನಿಗೆ ಬೆನ್ನ ಹಿಂದೆ ಏನಾಗುತ್ತಿದೆ ಎಂಬ ಎಚ್ಚರ ಎಲ್ಲಿಯದು? ಸಾಕವ್ವ ಅರವತ್ತಮೂರು ಸಾಲು ಎಣಿಸಿ, ಎಡ ಹೆಗಲ ಕೆಳಗೆ ಕೊಕ್ಕೆಕಡ್ಡಿ ತೂರಿಸಿ ಎಳೆದಳು. ಆ ಕುಣಿಕೆ ಜಾರಿತು. ಅದರ ಕೆಳಗಿನದೂ ಜಾರಿತು. ಅವನು ತಿರುಗುವಷ್ಟರಲ್ಲಿ ನಿಲುವಂಗಿ ಅರ್ಧ ಬಿಚ್ಚಿತ್ತು, ಕೂಗುವಷ್ಟರಲ್ಲಿ ಪೂರ್ತಿ ಬಿಚ್ಚಿತ್ತು. ಕರಿ ನೂಲಿನ ಗುಡ್ಡೆಯ ಮಧ್ಯೆ ಒಬ್ಬ ಒಣಕಲು ಮುದುಕ ನಡುಗುತ್ತ ಕೂತಿದ್ದ.

"ತಾಯೀ, ಚಳಿ," ಅಂದ.

ಸಾಕವ್ವ ಉಂಡೆಯ ಚೀಲ ತೆಗೆದುಕೊಂಡಳು. ಆಮೇಲೆ ತನ್ನ ಹಾಸುಗಂಬಳಿಯನ್ನು ಅವನ ಮೇಲೆ ಎಸೆದಳು. ಅದು ಬರೀ ಕಂಬಳಿ, ಅದಕ್ಕೆ ಬೆಚ್ಚಗಿಡುವುದೊಂದು ಬಿಟ್ಟರೆ ಬೇರೆ ಯಾವ ಗುಣವೂ ಇರಲಿಲ್ಲ. ಚೀಟಿಗಳನ್ನೆಲ್ಲ ಒಂದೊಂದಾಗಿ ಆರಿಸಿಕೊಂಡು ಹಿಂದಿರುಗಿದಳು.

ಅವಳು ಮಾಗಿಪುರ ಮುಟ್ಟಿದಾಗ ಹದಿನೈದನೆಯ ದಿನದ ಬೆಳಗು. ಅರಮನೆಯ ಅಂಗಳದಲ್ಲೇ ಚಾಪೆ ಹಾಸಿ ಕೂತಳು. ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು. ಇಂದುಕಲೆಯ ಅಂಗಿಯ ಚೀಟಿ ಎದುರಿಗಿಟ್ಟು, ಅದರಲ್ಲಿದ್ದಂತೆಯೇ ಹೆಣೆದಳು. ಕಡ್ಡಿಗಳು ಅವಳ ಮಾತು ಕೇಳಿ ಓಡಿದವು. ಸಂಜೆಯ ಹೊತ್ತಿಗೆ ಅಂಗಿ ಮುಗಿಯಿತು. ಅಂಗಿಯೊಳಗೆ ಇಂದುಕಲೆಯೂ ಇದ್ದಳು, ಕೆನ್ನೆ, ಜಡೆ, ಪುಟ್ಟ ಕಾಲು ಎಲ್ಲವೂ ಇದ್ದವು. ಆದರೆ ಕಣ್ಣು ತೆರೆಯಲಿಲ್ಲ. ಗೊಂಬೆಯ ಹಾಗೆ ಮಲಗಿದ್ದಳು.

ರಾಜ ಸಾಕವ್ವನ ಮುಖ ನೋಡಿದ. ಚೀಟಿಯಲ್ಲಿದ್ದದ್ದು ಒಂದೂ ತಪ್ಪಿಲ್ಲವಲ್ಲ ಎಂದು ವಿಬುಧಯ್ಯ ಎರಡೆರಡು ಸಲ ಎಣಿಸಿ ನೋಡಿದ. ನಿಜ, ಒಂದೂ ತಪ್ಪಿರಲಿಲ್ಲ. ಸಾಕವ್ವ ಚೀಟಿಯನ್ನು ತಿರುಗಿಸಿದಳು. ಬೆನ್ನಿಗೆ ಏನೂ ಬರೆದಿರಲಿಲ್ಲ.

ಇಗೋ, ಆಮೇಲೆ ಹೇಳುತ್ತೇನೆ ಅಂದಿದ್ದ ಗುಟ್ಟು ಇದು. ಆ ಅಂಗಿ ಹೆಣೆಯುವಾಗ ಸಾಕವ್ವ ಒಂದು ಕಡೆ ತಪ್ಪಿದ್ದಳು. ಮೂವತ್ತು ವರ್ಷದಲ್ಲಿ ಆದ ಅವಳ ಒಂದೇ ತಪ್ಪು, ಅದೂ ರಾಜಕುಮಾರಿಯ ಅಂಗಿಯಲ್ಲಿ. ನಾಚಿಕೆಯಾಗಿ ಅದನ್ನು ಬರೆಯಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು. ಬರೆಯದ್ದು ಉಳಿಯುವುದಿಲ್ಲ. ತಪ್ಪು ಎಲ್ಲಿ ಎಂಬುದೇ ಈಗ ಅವಳಿಗೆ ಮರೆತುಹೋಗಿತ್ತು.

ಸೂರ್ಯ ಕೋಟೆಗೋಡೆಗೆ ತಾಗಿದ್ದ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮಾಂತ್ರಿಕನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಸಾಕವ್ವ ಎದ್ದು, ನೆರೆದ ಜನರೆಲ್ಲರ ಎದುರು ರಾಣಿಯ ಮುಂದೆ ನಿಂತಳು.

"ಅವ್ವಾ, ನಿಮ್ಮ ಮಗಳ ಅಂಗೀಲಿ ನಾನು ಒಂದು ತಪ್ಪು ಮಾಡಿದ್ದೆ. ನೂಲು ಒಂದು ಸುತ್ತು ಜಾಸ್ತಿ ಬಿದ್ದು ತೂತಾಗಿತ್ತು. ಮರ್ಯಾದೆಗೆ ಅಂಜಿ ಮುಚ್ಚಿಟ್ಟೆ. ಎಲ್ಲಿ ಅಂತ ಈಗ ನೆನಪಾಗ್ತಿಲ್ಲ. ಆ ತಪ್ಪಿಲ್ದೆ ಇದು ಅವಳ ಅಂಗಿ ಅಲ್ಲ."

ರಾಣಿ ಸಿಟ್ಟಾಗಲಿಲ್ಲ. ಅವಳ ಕಣ್ಣು ತುಂಬಿ ಬಂತು.

"ಎಡತೋಳಲ್ಲಿ ಸಾಕವ್ವ, ಮುಂಗೈ ಹತ್ತಿರ," ಅಂದಳು. "ಆ ತೂತಿಗೆ ಕಿರುಬೆರಳು ತೂರಿಸದೆ ಒಂದು ದಿನವೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ನನ್ನ ಬೆರಳಿನ ಮನೆ ಅನ್ನುತ್ತಿದ್ದಳು. ನೀನು ಬೇಕೆಂದೇ ಮಾಡಿದ್ದೀಯ ಅಂತ ನಾವು ತಿಳಿದಿದ್ದೆವು."

ಅಂಚಿನಿಂದ ಎಷ್ಟು ಮೇಲೆ ಎಂದು ರಾಣಿ ತನ್ನ ಬೆರಳಿಟ್ಟು ತೋರಿಸಿದಳು. ಅದು ಏಳನೆಯ ಸಾಲು. ತೋಳನ್ನು ಹೆಗಲಿನಿಂದ ಕೆಳಕ್ಕೆ ಹೆಣೆದಿದ್ದರಿಂದ ತುದಿಯ ಏಳು ಸಾಲು ಬಿಚ್ಚಿದರೆ ಸಾಕಾಗಿತ್ತು. ಸಾಕವ್ವ ಬಿಚ್ಚಿದಳು, ಆ ಜಾಗದಲ್ಲಿ ನೂಲು ಒಂದು ಸುತ್ತು ಹೆಚ್ಚು ಹಾಕಿದಳು, ಉಳಿದ ಸಾಲು ಹೆಣೆದು ಗಂಟು ಹಾಕಿದಳು. ಸೂರ್ಯನ ಕೊನೆಯ ಅಂಚು ಗೋಡೆಯಾಚೆ ಇಳಿಯುತ್ತಿತ್ತು.

ಮೊದಲು ಅಲ್ಲಾಡಿದ್ದು ಮಗುವಿನ ಕಿರುಬೆರಳು. ಅದು ತಡಕಾಡಿ ತೂತನ್ನು ಹುಡುಕಿ ಒಳಗೆ ಹೋಯಿತು. ಆಮೇಲೆ ಇಂದುಕಲೆ ಆಕಳಿಸಿ ಕಣ್ಣು ಬಿಟ್ಟಳು, ಯಾಕೆ ಎಲ್ಲರೂ ನನ್ನನ್ನೇ ನೋಡುತ್ತಿದ್ದೀರಿ ಎಂದು ಕೇಳಿದಳು. ರಾಣಿ ಅವಳನ್ನು ಬಾಚಿ ತಬ್ಬಿಕೊಂಡಳು. ಸಾಕವ್ವ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಅವಳು ಅತ್ತದ್ದನ್ನು ಮಾಗಿಪುರ ಕಂಡದ್ದು ಅದೇ ಮೊದಲು.

ಮರುದಿನದಿಂದ ಜನ ಸಾಲುಗಟ್ಟಿ ನಮೂನೆಮನೆಗೆ ಬಂದರು. ಒಬ್ಬೊಬ್ಬರೂ ಒಂದೊಂದು ಚೀಟಿ ಹಿಡಿದು, ಬಿಚ್ಚಿಹೋಗಿದ್ದ ತುಂಡನ್ನು ಮತ್ತೆ ಹೆಣೆದುಕೊಟ್ಟರು. ರಾಜ ಎರಡು ಹೆಣೆದ. ವಿಬುಧಯ್ಯ ಒಂದು ಹೆಣೆದು, ಚೀಟಿಯ ಬೆನ್ನಿಗೆ ತನ್ನ ಹನ್ನೊಂದು ತಪ್ಪುಗಳನ್ನು ಬರೆಯಲು ಜಾಗ ಸಾಲದೆ ಇನ್ನೊಂದು ಚೀಟಿ ಕೇಳಿದ. ನೂಲುನುಂಗನಾಗಿದ್ದ ಮುದುಕನೂ ಕಂಬಳಿ ಹೊದ್ದು ಬಂದು, ತಾನು ನುಂಗಿದ್ದ ನೂಲನ್ನೆಲ್ಲ ಉಂಡೆ ಮಾಡಿ ಒಪ್ಪಿಸಿ, ಬಾಗಿಲ ಬಳಿ ಉಣ್ಣೆ ಹಿಂಜುತ್ತ ಉಳಿದ. ಒಂದು ಚಳಿಗಾಲ ಕಳೆಯುವುದರೊಳಗೆ ಮುನ್ನೂರು ಖಾನೆಯೂ ತುಂಬಿತು. ಮಾಗಿಪುರದಲ್ಲಿ ಮಕ್ಕಳಿಂದ ಮುದುಕರವರೆಗೆ, ಮೂರು ತಲೆಯ ನಾಯಿಯವರೆಗೆ, ಎಲ್ಲರೂ ಬೆಚ್ಚಗೆ ಬಾಳಿದರು. ಆ ಬಿಸುಪು ಕತೆ ಕೇಳಿದ ನಿಮಗೂ ತಾಗಲಿ.

'ಅಳುವ ಕೂಸಿಗೆ' ಎಂಬ ಖಾನೆಯಲ್ಲಿ ಇವತ್ತಿಗೂ ಒಂದು ಕೆಂಪು ತುಂಡಿದೆಯಂತೆ. ಅದರ ಚೀಟಿಯ ಬೆನ್ನಿಗೆ ಸಾಕವ್ವನ ಅಕ್ಷರದಲ್ಲಿ ಹೀಗೆ ಬರೆದಿದೆ: 'ಎಡತೋಳು, ಅಂಚಿನಿಂದ ಏಳನೆಯ ಸಾಲು, ನೂಲು ಒಂದು ಸುತ್ತು ಹೆಚ್ಚು. ತಪ್ಪು ನನ್ನದು. ಹಾಗೆಯೇ ಹೆಣೆಯುವುದು.'