ನೂರಾ ಹನ್ನೆರಡು ಗಜ

ಅಕ್ಟೋಬರ್ ಹದಿನಾಲ್ಕು, ಮಂಗಳವಾರ, ಬೆಳಗ್ಗೆ ಎಂಟು ಇಪ್ಪತ್ತು. ಅಮೆರಿಕದ ವಯೋಮಿಂಗ್‌ನ ಸೇಜ್ ಕೌಂಟಿಯ ಶೆರಿಫ್ ಠಾಣೆಗೆ ಆರಿನ್ ಸ್ಟಬ್ಸ್ ದೂರು ಕೊಡಲು ಬಂದ. ಕುರಿ ಸಾಕುವವನು, ಅರವತ್ತು ದಾಟಿದವನು, ಸ್ನಾನವನ್ನೂ ಹಬ್ಬಕ್ಕೆ ಮೀಸಲಿಟ್ಟವನು.

“ನನ್ನ ಬಂದೂಕನ್ನ ಯಾರೋ ಮುಟ್ಟಿದಾರೆ” ಅಂದ.

ಡೆಪ್ಯುಟಿ ಮಾರಿಸೆಲಾ ಒರ್ಟೆಗಾ ಫಾರಂ ಎಳೆದುಕೊಂಡಳು. “ಕಳುವಾಗಿದೆಯಾ?”

“ಇಲ್ಲಮ್ಮಾ. ಜೀನು ಇಡೋ ಕೋಣೇಲಿ, ಬಾಗಿಲ ಹಿಂದೆ, ಎಲ್ಲಿತ್ತೋ ಅಲ್ಲೇ ಇದೆ. ಆದ್ರೆ ಕ್ಲೀನ್ ಮಾಡಿಟ್ಟಿದಾರೆ.”

“ಕ್ಲೀನಾ?”

“ಉಜ್ಜಿ, ಎಣ್ಣೆ ಹಚ್ಚಿ, ಫಳಫಳ ಅನ್ನೋ ಹಾಗೆ. ಹನ್ನೊಂದು ವರ್ಷದಿಂದ ನಾನು ಅದಕ್ಕೆ ಒಂದು ತೊಟ್ಟು ಎಣ್ಣೆ ತೋರಿಸಿದವನಲ್ಲ, ದೇವರಾಣೆ.”

ಒಳಗಿನ ಮೇಜಿನಿಂದ ಡಿಟೆಕ್ಟಿವ್ ಸಾರ್ಜೆಂಟ್ ಲೋವೆಲ್ ಹ್ಯಾಸ್ಕೆಟ್ ಕೂಗಿದ. “ಆ ಕಳ್ಳ ಸಿಕ್ಕಿದ್ರೆ ನಮ್ಮ ಮನೆಗೂ ಒಂದ್ಸಲ ಕಳ್ಸು ಮಾರಾಯ.”

ಠಾಣೆಗೆ ಠಾಣೆಯೇ ನಕ್ಕಿತು. ಮಾರಿಸೆಲಾ ‘ಅಕ್ರಮ ಪ್ರವೇಶ, ನಷ್ಟವಿಲ್ಲ’ ಎಂದು ಬರೆದು ಕಾಗದವನ್ನು ಕೆಳಗಿನ ಡ್ರಾಯರಿಗೆ ಹಾಕಿದಳು.

ಒಂಬತ್ತು ಐದಕ್ಕೆ ಫೋನ್ ಬಂತು. ರಸ್ತೆ ಸಮ ಮಾಡುವ ಯಂತ್ರದ ಚಾಲಕ. ಮೂವತ್ತೊಂದನೇ ನಂಬರಿನ ಜಲ್ಲಿ ರಸ್ತೆಯ ದಿಣ್ಣೆಯಲ್ಲಿ ಒಂದು ಪಿಕಪ್ ನಿಂತಿದೆ, ಒಳಗಿರುವವನು ಕೂಗಿದರೂ ಏಳುತ್ತಿಲ್ಲ ಎಂದ.

ಯಾವ ದಿಣ್ಣೆ, ಯಾರ ಪಿಕಪ್ ಎಂದು ಹ್ಯಾಸ್ಕೆಟ್ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ವೇಡ್ ರೆನ್ನರ್ ಹೋದ ತಿಂಗಳು ಜೈಲಿನಿಂದ ಬಿಡುಗಡೆಯಾಗಿ ಬಂದಂದಿನಿಂದ ದಿನಾ ಅಲ್ಲೇ ನಿಲ್ಲುತ್ತಿದ್ದ. ಅಲ್ಲಿಂದ ಕೆಳಗೆ ಅವನ ಮಾಜಿ ಹೆಂಡತಿ ಟ್ವೈಲಾಳ ಮನೆ ಕಾಣುತ್ತದೆ. ಮನೆಯ ನೂರು ಗಜದೊಳಗೆ ಬರಕೂಡದೆಂದು ಕೋರ್ಟಿನ ಆದೇಶವಿತ್ತು. ಅವಳು ದೂರು ಕೊಟ್ಟಾಗ ಹ್ಯಾಸ್ಕೆಟ್ ತಾನೇ ಅಳತೆಯ ಚಕ್ರ ಉರುಳಿಸಿಕೊಂಡು ಹೋಗಿ ನೋಡಿದ್ದ. ನೂರಾ ಹನ್ನೆರಡು ಗಜ. ವೇಡ್ ಕಾಫಿ ಕುಡಿಯುತ್ತಾ, “ಸರಿಯಾಗಿದೆಯಾ ಸಾರ್ಜೆಂಟ್? ಇನ್ನೊಂಚೂರು ಹಿಂದೆ ಹೋಗ್ಲಾ?” ಎಂದು ವಿನಯದಿಂದ ಕೇಳಿದ್ದ.

ಹತ್ತು ಗಂಟೆಗೆ ಸ್ಥಳ ಮಹಜರು ಶುರುವಾಯಿತು. ಎರಡು ಗುಂಡು. ಒಂದು ಬಾಗಿಲ ತಗಡಿನಲ್ಲಿ, ಇನ್ನೊಂದು ಗಾಜು ಒಡೆದು ಕುತ್ತಿಗೆಯಲ್ಲಿ. ಎರಡರ ನಡುವೆ ಒಂದು ಗೇಣು. ಸತ್ತದ್ದು ಸೋಮವಾರ ಸಂಜೆ ನಾಲ್ಕರ ಆಸುಪಾಸು ಎಂದು ವೈದ್ಯರು ಅಂದಾಜಿಸಿದರು. ಖಾಲಿ ತೋಟಾ ಎಲ್ಲೂ ಸಿಗಲಿಲ್ಲ. ಪಕ್ಕದ ಸೀಟಿನಲ್ಲಿ ಕಬ್ಬಿಣದ ಸರಪಳಿ ಕತ್ತರಿಸುವ ದೊಡ್ಡ ಕತ್ತರಿಯೊಂದು ಬಿದ್ದಿತ್ತು. ಇನ್ನೂ ಬೆಲೆಚೀಟಿ ಕಿತ್ತಿರಲಿಲ್ಲ.

ಹನ್ನೊಂದೂವರೆಗೆ ಟ್ವೈಲಾಳ ಹೇಳಿಕೆ. ಅವಳು ಕುದುರೆಯ ಕಂಬಳಿ, ಹರಿದ ಗುಡಾರ ಹೊಲಿದು ಬದುಕುವವಳು. ಎಡ ಮಣಿಕಟ್ಟಿನೊಳಗೆ ಉಕ್ಕಿನ ಪಟ್ಟಿಯಿದೆ, ವೇಡ್ ಮುರಿದದ್ದು. ಕನ್ನಡಕವನ್ನೂ ಅವನೇ ಮುರಿದಿದ್ದ, ಅದನ್ನು ಅವಳೇ ರಿಪೇರಿ ಮಾಡಿಕೊಂಡಿದ್ದಳು.

“ನಿನ್ನೆ ನಾಲ್ಕು ಗಂಟೆಗೆ ಎಲ್ಲಿದ್ರಿ?”

“ಹೊಲಿಗೆ ಮಿಷನ್ ಮುಂದೆ.”

“ಗುಂಡಿನ ಶಬ್ದ?”

“ಮಿಷನ್ ಶಬ್ದ.”

“ಬಂದೂಕು ಇದೆಯಾ?”

“ನನಗ್ಯಾರು ಕೊಡ್ತಾರೆ ಸಾರ್ಜೆಂಟ್? ನಾನು ಶಿಕ್ಷೆ ಆದವಳು. ಮರೆತ್ರಾ?”

ಅವನು ಮರೆತಿರಲಿಲ್ಲ. ಎಂಟು ವರ್ಷದ ಹಿಂದೆ ವೇಡ್‌ನ ಮಾದಕ ಪುಡಿಯ ಪೊಟ್ಟಣವನ್ನು ತನ್ನದೆಂದು ಒಪ್ಪಿಕೊಂಡು ಅವನನ್ನು ಉಳಿಸಿದವಳು ಅವಳು. ಕಾನೂನಿನ ಪ್ರಕಾರ ಅಂಥವರು ಜನ್ಮದಲ್ಲಿ ಬಂದೂಕು ಮುಟ್ಟುವಂತಿಲ್ಲ.

ಮನೆ ಶೋಧಿಸಿದರು. ಬಂದೂಕಿಲ್ಲ. ಬಂದೂಕಿಲ್ಲದೆ ಈ ಕೇಸು ನಿಲ್ಲುವುದಿಲ್ಲ ಎಂದು ಸರ್ಕಾರಿ ವಕೀಲರು ಖಡಾಖಂಡಿತವಾಗಿ ಹೇಳಿದರು. ಬೇಟೆಯ ಕಾಲ ಬೇರೆ. ಕೌಂಟಿಯಲ್ಲಿ ಆಗ ಜನರಿಗಿಂತ ರೈಫಲ್ಲುಗಳೇ ಜಾಸ್ತಿ. ಮೂರು ದಿನ ಹ್ಯಾಸ್ಕೆಟ್ ವೇಡ್‌ನ ಹಳೆಯ ಶತ್ರುಗಳನ್ನು ಒಬ್ಬೊಬ್ಬರಾಗಿ ಕರೆಸಿ ವಿಚಾರಿಸಿದ. ಯಾರ ಮೇಲೂ ಅನುಮಾನ ನಿಲ್ಲಲಿಲ್ಲ. ಈ ಕೇಸು ಹೀಗೇ ಧೂಳು ತಿನ್ನಲಿ ಎಂದು ಅವನು ಮನಸಾರೆ ಬೇಡಿಕೊಂಡ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಹಾಗೆ ಬೇಡಿಕೊಂಡದ್ದು ಅದೇ ಮೊದಲು.

ಶುಕ್ರವಾರ ಬೆಳಗ್ಗೆ ಹತ್ತು ನಲವತ್ತಕ್ಕೆ ಪ್ರಯೋಗಾಲಯದ ವರದಿ ಬಂತು. ಅದು ರೈಫಲ್ ಗುಂಡಲ್ಲ, ಪಿಸ್ತೂಲಿನ ಗುಂಡು, ಪಾಯಿಂಟ್ ಮುನ್ನೂರೈವತ್ತೇಳು. ಆದರೆ ಗುಂಡಿನ ಮೈಮೇಲಿನ ಗೀರುಗಳು ಉದ್ದ ನಳಿಗೆಯ ಬಂದೂಕಿನವು. ಎಂದರೆ ಕಾರ್ಬೈನ್, ಪಿಸ್ತೂಲಿನ ಗುಂಡು ಹಾರಿಸುವ ಹಗುರ ಬಂದೂಕು.

ಮಾರಿಸೆಲಾ ಸದ್ದಿಲ್ಲದೆ ಕೆಳಗಿನ ಡ್ರಾಯರ್ ಎಳೆದಳು. ಆರಿನ್ ಸ್ಟಬ್ಸ್‌ನ ಕಾಗದ ತೆಗೆದು ಓದಿದಳು. “ಲಿವರ್ ಕಾರ್ಬೈನ್. ಮುನ್ನೂರೈವತ್ತೇಳು.” ಈ ಸಲ ಯಾರೂ ನಗಲಿಲ್ಲ.

ಊರಿನಲ್ಲಿ ಬಂದೂಕಿನ ಅಂಗಡಿ ಒಂದೇ. ಅದರ ಮಾಲೀಕ ಹಾಲಿಸ್ ಪೀಟ್ ಹ್ಯಾಸ್ಕೆಟ್‌ನ ಮುಂದೆ ಬಾಯಿ ಬಿಡಲು ಹಿಂದೆಮುಂದೆ ನೋಡಿದ.

“ಟ್ವೈಲಾ ಬಂದಿದ್ಲು. ನಾಲ್ಕನೇ ತಾರೀಕು. ಮಣಿಕಟ್ಟು ಹೀಗಿದೆ, ಪಿಸ್ತೂಲು ಹಿಡಿಯೋಕಾಗಲ್ಲ, ದೊಡ್ಡ ರೈಫಲ್ ಒದೆತ ತಡೆಯಲ್ಲ, ಏನು ತಗೊಳ್ಳಲಿ ಅಂದ್ಲು.”

“ನೀನೇನಂದೆ?”

“ಕಾರ್ಬೈನ್ ಅಂದೆ. ಪಿಸ್ತೂಲಿನ ಗುಂಡು, ಹೆಗಲಿಗೆ ಒರಗಿಸ್ಕೋಬಹುದು, ಹಗುರ, ನೂರು ಗಜ ಆರಾಮಾಗಿ ಹೋಗತ್ತೆ. ಮೂರು ತೆಗೆದು ತೋರಿಸ್ದೆ. ಅದರಲ್ಲಿ ಒಳ್ಳೇದನ್ನೇ ಆರಿಸಿದ್ಲು. ಲಿವರ್ ಎಳೆದು ನಳಿಗೆ ಬೆಳಕಿಗೆ ಹಿಡಿದು ನೋಡಿದ್ಲಪ್ಪಾ, ಅವರಪ್ಪನ ಹಾಗೇನೇ. ಅವರಪ್ಪ ಬಂದೂಕು ರಿಪೇರಿಯವನು, ಗೊತ್ತಲ್ಲ?”

“ಆಮೇಲೆ?”

“ಫಾರಂ ಕೊಟ್ಟೆ. ಶಿಕ್ಷೆ ಆಗಿದೆಯಾ ಅನ್ನೋ ಪ್ರಶ್ನೆ ಬಂತಲ್ಲ, ಪೆನ್ನು ಕೆಳಗಿಟ್ಲು.” ಹಾಲಿಸ್ ಗಲ್ಲ ತುರಿಸಿಕೊಂಡ. “ಬೇಜಾರಾಯ್ತು ಕಣಯ್ಯ. ಮಾತಿಗೆ ಮಾತು, ‘ಇಂಥದ್ದೇ ಒಂದು ಆರಿನ್ ಹತ್ರ ಬಾಗಿಲ ಹಿಂದೆ ಕೊಳೀತಿದೆ, ಮುಟ್ಟೋರಿಲ್ಲ’ ಅಂದುಬಿಟ್ಟೆ. ಅಷ್ಟೇ ನಾನಂದದ್ದು.”

ಮೂರು ಹದಿನೈದಕ್ಕೆ ಆರಿನ್‌ನ ಜೀನುಕೋಣೆ. ಮಾರಿಸೆಲಾ ಹೊರಗೆ ಆರಿನ್‌ನ ಹೇಳಿಕೆ ಬರೆದುಕೊಳ್ಳುತ್ತಿದ್ದಳು. ಶನಿವಾರದಿಂದ ಸೋಮವಾರ ರಾತ್ರಿಯವರೆಗೂ ಅವನು ಬೆಟ್ಟದ ಮೇಲೆ ಕುರಿಗಳ ಹತ್ತಿರ ಇದ್ದ, ಕೋಣೆಗೆ ಬೀಗವಿಲ್ಲ, ಗುಂಡಿನ ಡಬ್ಬ ಪಕ್ಕದಲ್ಲೇ. ಒಳಗೆ ಹ್ಯಾಸ್ಕೆಟ್ ಕೈಗವಸು ಹಾಕಿಕೊಂಡು ಕಾರ್ಬೈನನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೊಲಿಗೆ ಮಿಷನ್ ಎಣ್ಣೆಯ ವಾಸನೆ. ಬೆರಳಚ್ಚು ಒಂದೂ ಇಲ್ಲ. ಗುರಿ ನೋಡುವ ಪಟ್ಟಿಯ ಸ್ಕ್ರೂ ಬಿಗಿ ಮಾಡಿತ್ತು. ಮತ್ತೆ ಸಡಿಲವಾಗದಿರಲೆಂದು ಅದರ ತಲೆಗೆ ಒಂದು ಚುಕ್ಕೆ ಉಗುರುಬಣ್ಣ ಮುಟ್ಟಿಸಿತ್ತು. ಹಳೆಯ ರಿಪೇರಿಯವರ ಪದ್ಧತಿ. ಹವಳದ ಬಣ್ಣ.

ಅದೇ ಬಣ್ಣದ ಚುಕ್ಕೆಯನ್ನು ಅವನು ತಿಂಗಳಿಂದ ನೋಡುತ್ತಿದ್ದ. ಠಾಣೆಯ ಕೌಂಟರಿನಾಚೆ, ಟ್ವೈಲಾಳ ಕನ್ನಡಕದ ಎಡಗಡೆಯ ಸ್ಕ್ರೂ ಮೇಲೆ.

ಸಾಸಿವೆ ಕಾಳಿನಷ್ಟು ಬಣ್ಣ. ಉಗುರಿನಿಂದ ಒಮ್ಮೆ ಕೆರೆದರೆ ಹೋಗುತ್ತಿತ್ತು. ಗುಂಡಿನ ಗೀರು ಈ ನಳಿಗೆಯದೆಂದು ಸಾಬೀತಾದರೂ, ಬೀಗವಿಲ್ಲದ ಕೋಣೆಗೆ ಯಾರು ಬೇಕಾದರೂ ಬಂದಿರಬಹುದು. ಕೈಗವಸು ಕಳಚಿ ಹೆಬ್ಬೆರಳನ್ನು ಸ್ಕ್ರೂ ಹತ್ತಿರ ತಂದ. ಆ ಹೆಂಗಸು ಒಂದು ದಿನವಾದರೂ ನೆಮ್ಮದಿಯಾಗಿರಲಿ ಅನಿಸಿತು.

“ಏನಾದ್ರೂ ಇದೆಯಾ ಸರ್?” ಮಾರಿಸೆಲಾ ಬಾಗಿಲಿಗೆ ಬಂದಳು.

ಅವನು ಹೆಬ್ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. “ಇದೆ. ಬರ್ಕೋ” ಎಂದ.

ಶನಿವಾರ, ಹದಿನೆಂಟು, ಬೆಳಗ್ಗೆ ಒಂಬತ್ತೂವರೆ. ರಾತ್ರೋರಾತ್ರಿ ನಡೆದ ಪರೀಕ್ಷೆಯಲ್ಲಿ ಗುಂಡಿನ ಗೀರು ಆ ನಳಿಗೆಗೆ ಹೊಂದಿತ್ತು, ಚುಕ್ಕೆಯ ಬಣ್ಣ ಅವಳ ಕನ್ನಡಕದ ಚುಕ್ಕೆಗೆ ಹೊಂದಿತ್ತು. ವಾರಂಟ್ ಹಿಡಿದು ಟ್ವೈಲಾಳ ಅಂಗಳಕ್ಕೆ ಹೋದರು. ಅವಳು ಕಂಬಳಿ ಮಡಿಸುತ್ತಾ ಮೆಟ್ಟಿಲಲ್ಲಿ ಕೂತಿದ್ದಳು. ವಾರಂಟ್ ಓದಿ, ಹಕ್ಕುಗಳನ್ನು ಹೇಳಿದ ಮೇಲೂ ವಕೀಲ ಬೇಡವೆಂದಳು. ಆಮೇಲೆ ಅಂಗಳದ ಕಾರುಗಳನ್ನು ಎಣಿಸಿದಳು.

“ಮೂರು ಗಾಡಿ! ನಾನು ಕರೆದಾಗ ಒಂದೂ ಇರ್ತಿರಲಿಲ್ಲವಲ್ಲ ನಿಮ್ಮ ಹತ್ರ.”

ಹ್ಯಾಸ್ಕೆಟ್ ವಾರಂಟ್ ಮಡಿಸಿ ಜೇಬಿಗಿಟ್ಟ. “ಒಂದೇ ಕೇಳ್ತೀನಿ ಟ್ವೈಲಾ. ಯಾಕೆ ಕ್ಲೀನ್ ಮಾಡಿದ್ರಿ? ಕೊಳೆ ಹಾಗೇ ಬಿಟ್ಟು ನೇತುಹಾಕಿದ್ರೆ ಆರಿನ್‌ಗೆ ಈ ಜನ್ಮದಲ್ಲಿ ಗೊತ್ತಾಗ್ತಿರಲಿಲ್ಲ.”

ಅವಳಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. “ಇನ್ನೊಬ್ಬರ ಬಂದೂಕು ತಂದಿದ್ದು. ಬಳಸಿದ್ದನ್ನ ಹಾಗೇ ಹೇಗೆ ವಾಪಸ್ ಇಡೋದು? ಅಪ್ಪ ಇದ್ದಿದ್ರೆ ಕೈ ಮುರೀತಿದ್ದ.” ಹೇಳಿ ತನ್ನ ಮಣಿಕಟ್ಟು ನೋಡಿಕೊಂಡಳು. “ಅದೂ ಆಗ್ಲೇ ಮುರಿದಾಗಿದೆ.”

“ಸೋಮವಾರ ಅವನು ಕೆಳಗೆ ಇಳಿದು ಬಂದ್ನಾ?”

“ಇಲ್ಲ. ಆ ಕತ್ತರಿ ಎತ್ತಿ ಎತ್ತಿ ತೋರಿಸಿದ. ಗೇಟಿನ ಸರಪಳಿಗೆ ಅಂತ. ಮೂರು ಹತ್ತಕ್ಕೆ ನಿಮಗೆ ಫೋನ್ ಮಾಡಿದೆ. ಗೆರೆ ದಾಟಿದಾನಾ ಅಂತ ಕೇಳಿದ್ರಿ. ಇಲ್ಲ ಅಂದೆ. ದಾಟಿದ ಮೇಲೆ ಮಾಡಿ ಅಂದ್ರಿ.” ಅವಳ ದನಿ ಏರಲಿಲ್ಲ. “ನಿಮ್ಮೂರಿಂದ ಇಲ್ಲಿಗೆ ಐವತ್ತು ನಿಮಿಷ. ಆ ದಿಣ್ಣೆಯಿಂದ ನನ್ನ ಬಾಗಿಲಿಗೆ ಅರ್ಧ ನಿಮಿಷ. ಲೆಕ್ಕ ನೀವೇ ಹಾಕಿ.”

ಎಡಗೈ ಬೆನ್ನ ಹಿಂದಕ್ಕೆ ಬಾಗುವುದಿಲ್ಲವೆಂದು ಅವಳು ಎರಡೂ ಕೈ ಮುಂದೆ ಚಾಚಿದಳು. ಹ್ಯಾಸ್ಕೆಟ್ ಕೋಳವನ್ನು ಸಡಿಲವಾಗಿ ಹಾಕಿದ. ಕಾರು ದಿಣ್ಣೆ ದಾಟುವಾಗ ಅವಳು ಕಣ್ಣು ಮುಚ್ಚಿ ಮಲಗಿಬಿಟ್ಟಿದ್ದಳು. ತಿಂಗಳಿಂದ ನಿದ್ದೆಯಿಲ್ಲದವಳ ನಿದ್ದೆ ಅದು.

ಮಧ್ಯಾಹ್ನ ಎರಡಕ್ಕೆ ಅವನು ಬಂಧನದ ವರದಿ ಬರೆಯಲು ಕೂತ. ಅವಳ ದೂರುಗಳನ್ನೆಲ್ಲ ತೆಗೆದು ಜೊತೆಗೆ ಲಗತ್ತಿಸಿದ. ಹದಿನೇಳಿದ್ದವು. ಪ್ರತಿಯೊಂದರ ಕೆಳಗೂ ‘ಉಲ್ಲಂಘನೆಯಿಲ್ಲ’ ಎಂದು ಅವನದೇ ಅಕ್ಷರದಲ್ಲಿತ್ತು. ಕೃತ್ಯಕ್ಕೆ ಕಾರಣ ಎಂಬ ಅಂಕಣವೊಂದು ಕೊನೆಗೆ ಉಳಿಯಿತು. ಅಲ್ಲಿ ಹೀಗೆ ಬರೆದ: ‘ನೂರಾ ಹನ್ನೆರಡು ಗಜ. ಅಳೆದವರು: ಲೋವೆಲ್ ಹ್ಯಾಸ್ಕೆಟ್.’