ಮೂರು ಸಲ ಬಂದ ಸಾಹೇಬರು

ಹದಿನೇಳನೇ ತಾರೀಕು, ಸೋಮವಾರ, ಬೆಳಿಗ್ಗೆ 10.40. ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಹೊಲಿಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದಳು. ಅವಳ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು, ಮನೆಯ ಮೇಲೆ ಒಂದು ಕೋಣೆ ಕಟ್ಟಿಕೊಳ್ಳಲು ಕೊಟ್ಟ ಪರವಾನಗಿ. ಇನ್ನೊಂದು, ಅದೇ ಕೋಣೆಯನ್ನು ಏಳು ದಿನದಲ್ಲಿ ಕೆಡವಬೇಕೆಂಬ ನೋಟಿಸು. ಎರಡರ ತಲೆಯ ಮೇಲೂ ಕಟ್ಟಡ ಪರವಾನಗಿ ಕಚೇರಿಯ ಹೆಸರೇ ಇತ್ತು.

ಇನ್ಸ್‌ಪೆಕ್ಟರ್ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಹಿಡಿದ ಕೇಸು ಬಿಡದ ಹೆಂಗಸೆಂದು ಠಾಣೆಯವರು ಬೆನ್ನ ಹಿಂದೆ ಅವರಿಗೆ 'ಉಡ' ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ.

"ಪರವಾನಗಿ ಸುಳ್ಳು ಅಂತ ಯಾವಾಗ ಗೊತ್ತಾಯ್ತು?"

"ಮೇಲಿನ ರೂಮಿಗೆ ಬೇರೆ ಕರೆಂಟ್ ಮೀಟರ್ ಕೇಳೋಕೆ ಹೋಗಿದ್ದೆ ಮೇಡಂ. ಅವರು ಈ ನಂಬರ್ ಹಾಕಿ ನೋಡಿದ್ರು. 417 ಅನ್ನೋದು ಬೇರೆ ಯಾರದೋ ಮನೆ, ಏಳು ವರ್ಷದ ಹಿಂದಿಂದು ಅಂದ್ರು. ಮೂರನೇ ದಿನಕ್ಕೆ ನೋಟಿಸ್ ಬಂತು."

"ಇದನ್ನ ಕೊಟ್ಟೋರು ಯಾರು?"

"ಆ ಕಚೇರೀಲೇ ಸಿಕ್ಕಿದ್ರು. ನಾಲ್ಕು ಸಲ ಅಲೆದಿದ್ದೆ. ಒಂದ್ಸಲ ನಕ್ಷೆ ಸರಿಯಿಲ್ಲ ಅಂದ್ರು, ಒಂದ್ಸಲ ಪಕ್ಕದ ಮನೆಯವರ ಒಪ್ಪಿಗೆ ಅಂದ್ರು. ನಾಲ್ಕನೇ ಸಲ ಅಳು ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಕನ್ನಡಕದ ಸಾಹೇಬ್ರು ಒಬ್ಬರು ಇದ್ರು. ನಕ್ಷೆ ಕೊಡಿ ಅಂದ್ರು, ನೋಡಿದ್ರು, ಪೆನ್ಸಿಲಲ್ಲಿ ತಿದ್ದಿದ್ರು. ವಾರದಲ್ಲಿ ಪರವಾನಗಿ ತಂದುಕೊಟ್ರು."

"ಎಷ್ಟು ತಗೊಂಡ?"

"ಏನೂ ಇಲ್ಲ ಮೇಡಂ. ಮನೆಗೆ ಬಂದಾಗ ಚಹಾನೂ ಮುಟ್ಟಲಿಲ್ಲ."

ಬರೆದುಕೊಳ್ಳುತ್ತಿದ್ದ ದಫೇದಾರರ ಪೆನ್ನು ನಿಂತಿತು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಬಿಟ್ಟಿ ಮೋಸ ಮಾಡಿದವನನ್ನು ಅವರು ನೋಡಿರಲಿಲ್ಲ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಪರ್ಮಿಟ್ ತಗೊಂಡು ನೋಡು ಅನ್ನೋದನ್ನ ಹಿರಿಯರು ಮರೆತುಬಿಟ್ರು" ಎಂದು ಗೊಣಗಿದರು.

"ರೂಮು ಯಾಕೆ ಬೇಕಿತ್ತು?"

ಟೈಲರಮ್ಮ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಮ್ಮೆಜಮಾನ್ರು ಆಂಬ್ಯುಲೆನ್ಸ್ ಡ್ರೈವರ್. ರಾತ್ರಿ ಪಾಳಿ. ಮನೇಲಿ ಇರೋದು ಒಂದೇ ಕೋಣೆ. ಹಗಲು ನಾನು ಮಿಷಿನ್ ತುಳೀಬೇಕು, ಅವರು ಮಲಗಬೇಕು. ಒಂಬತ್ತು ವರ್ಷ ಆಯ್ತು ಮೇಡಂ, ಆ ಸದ್ದಲ್ಲೇ ಮಲಗ್ತಾರೆ. ಒಂದ್ಸಲ ಗಾಡಿ ಓಡಿಸ್ತಾ ತೂಕಡಿಸಿದ್ರು. ಹಿಂದೆ ರೋಗಿ ಇದ್ದ. ಅವತ್ತೇ ತೀರ್ಮಾನ ಮಾಡಿದೆ, ಯಾರಾದ್ರೂ ಸಾಯೋದ್ರೊಳಗೆ ಮಿಷಿನ್ ಮೇಲೊಂದು ರೂಮಿಗೆ ಹೋಗ್ಬೇಕು ಅಂತ."

11.30ಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ 63. ವಂಚನೆ, ನಕಲಿ ದಾಖಲೆ ಸೃಷ್ಟಿ. ಆರೋಪಿ: ಕನ್ನಡಕ ಧರಿಸಿದ ಅಪರಿಚಿತ ವ್ಯಕ್ತಿ. ನೋಟಿಸಿನ ಗಡುವು 24ನೇ ತಾರೀಕು, ಸೋಮವಾರ, ಬೆಳಿಗ್ಗೆ ಹನ್ನೊಂದು.

12.15ಕ್ಕೆ ಸ್ಥಳದ ಪಂಚನಾಮೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ. ಬಿಳಿ ಸುಣ್ಣ, ಪೂರ್ವಕ್ಕೊಂದು ಕಿಟಕಿ, ಅದರ ಕೆಳಗೆ ಹೊಲಿಗೆ ಯಂತ್ರ. ಕೆಳಗಿನ ಮಂಚದ ಮೇಲೆ ಟೈಲರಮ್ಮನ ಗಂಡ ಯೂನಿಫಾರಂ ಕೂಡ ಬಿಚ್ಚದೆ ಕೂತಿದ್ದ. ನಿದ್ದೆ ಮಾಡಿರಲಿಲ್ಲ. ಪಂಚರಾಗಿ ಪಕ್ಕದ ಮನೆಯವನೂ ಬೀದಿಯ ಕ್ಷೌರಿಕನೂ ಸಹಿ ಹಾಕಿದರು. ಕೋಣೆ ಕಟ್ಟಿದ ಮೇಸ್ತ್ರಿಯನ್ನು ಕರೆಸಿದರು.

"ಆ ಮನುಷ್ಯ ಇಲ್ಲಿಗೆ ಬರ್ತಿದ್ನಾ?"

"ಮೂರು ಸಲ ಬಂದ್ರು ಮೇಡಂ. ತಲೆ ತಿಂದುಬಿಟ್ರು!" ಮೇಸ್ತ್ರಿಯ ಸಿಟ್ಟು ಇನ್ನೂ ಆರಿರಲಿಲ್ಲ. "ಮೊದಲನೇ ಸಲ ಕೆಳಗಿನ ಗೋಡೆ ಕುಟ್ಟಿ ನೋಡಿ, ಇದು ಭಾರ ತಡೆಯಲ್ಲ, ಮೂಲೇಲಿ ಕಂಬ ಎಬ್ಬಿಸು ಅಂದ್ರು. ಎರಡನೇ ಸಲ ಕಾಂಕ್ರೀಟ್ ಹಾಕೋ ಹಿಂದಿನ ದಿನ. ಕಟ್ಟಿದ ಕಂಬಿ ಎಲ್ಲಾ ಬಿಚ್ಚಿಸಿದ್ರು, ಅಂತರ ಜಾಸ್ತಿ ಆಯ್ತು ಅಂತ. ಮೂರನೇದು ಇಪ್ಪತ್ತೊಂದನೇ ದಿನ, ಸ್ಲ್ಯಾಬಿಗೆ ಆಸರೆ ಕೊಟ್ಟ ಸೆಂಟ್ರಿಂಗ್ ಬಿಚ್ಚುವಾಗ. ತಾನಿಲ್ದೆ ಒಂದು ಆಸರೆ ಕಂಬಾನೂ ತೆಗೀಬಾರದು ಅಂತ ಆಣೆ ಮಾಡಿಸಿಕೊಂಡಿದ್ರು."

"ಕಚೇರಿಯ ಇಂಜಿನಿಯರ್‌ಗಳು ಹೀಗೆ ಬರ್ತಾರಾ?"

ಮೇಸ್ತ್ರಿ ನಕ್ಕ. "ಮೂವತ್ತು ವರ್ಷದಿಂದ ಗೋಡೆ ಕಟ್ತಿದ್ದೀನಿ. ಇವರೊಬ್ಬರೇ ಬಂದಿದ್ದು."

ಮಾರನೇ ದಿನ ಪರವಾನಗಿ ಕಚೇರಿಯ ಮುಖ್ಯಾಧಿಕಾರಿ ಇನ್ಸ್‌ಪೆಕ್ಟರರ ಮುಂದೆ ಕೂತು ಇದೇ ಮಾತನ್ನು ಇನ್ನೊಂದು ಧಾಟಿಯಲ್ಲಿ ಹೇಳಿದರು. "ಒಂದೇ ಮನೆಗೆ ಮೂರು ಸಲ ಹೋಗಿದ್ನಾ? ಹಾಗಾದ್ರೆ ನಮ್ಮವನಲ್ಲ ಬಿಡಿ." ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆನೆಂದು ಅವರಿಗೇ ಹೊಳೆದಿರಬೇಕು, ನೀರಿನ ಲೋಟಕ್ಕೆ ಕೈ ಹಾಕಿದರು.

ನಕಲಿ ಪರವಾನಗಿಯ ಹಾಳೆ ನಕಲಿಯಾಗಿರಲಿಲ್ಲ. ಕಚೇರಿ ಆರು ವರ್ಷದ ಹಿಂದೆ ಬಳಕೆ ಬಿಟ್ಟಿದ್ದ ಹಳೆಯ ನಮೂನೆ. ಮೊಹರೂ ಹಳೆಯದೇ. ಕೊನೆಯಲ್ಲಿ ಕೈಬರಹದಲ್ಲಿ ಒಂಬತ್ತು ಷರತ್ತುಗಳಿದ್ದವು. ಅಸಲಿ ಪರವಾನಗಿಗಳಲ್ಲಿ ಆ ಜಾಗ ಖಾಲಿ ಬಿಟ್ಟಿರುತ್ತಿದ್ದರು.

"417ನೇ ಕಡತ ಕೊಡಿ" ಎಂದರು ಇನ್ಸ್‌ಪೆಕ್ಟರ್.

ಕಡತ ಬರಲು ಎರಡು ಗಂಟೆ ಹಿಡಿಯಿತು. ಇನ್ಸ್‌ಪೆಕ್ಟರ್ ಕುರ್ಚಿ ಬಿಟ್ಟು ಏಳಲಿಲ್ಲ. ಕಡತದ ಮೊದಲ ಹಾಳೆಯಲ್ಲಿ ಒಂದು ಮನೆಯ ಮಹಡಿ ವಿಸ್ತರಣೆಗೆ ಕೊಟ್ಟ ಒಪ್ಪಿಗೆ ಇತ್ತು. ಕೆಳಗೆ ಕ್ಷೇತ್ರ ಪರಿಶೀಲಕರ ಷರಾ: 'ಸ್ಥಳ ಪರಿಶೀಲಿಸಲಾಗಿದೆ. ಸರಿಯಿದೆ.' ಅದರ ಹಿಂದಿನ ಹಾಳೆ ವಿಚಾರಣಾ ವರದಿ. ಸೆಂಟ್ರಿಂಗ್ ಬಿಚ್ಚುವಾಗ ಸ್ಲ್ಯಾಬ್ ಕುಸಿದು, ಕೆಳಗೆ ನೀರು ತಂದಿದ್ದ ಕೂಲಿ ಹೆಂಗಸು ಸತ್ತಿದ್ದಳು. ಪರಿಶೀಲಕರು ಆ ಸ್ಥಳಕ್ಕೆ ಕಾಲೇ ಇಟ್ಟಿರಲಿಲ್ಲ. ಒಂದೇ ಮಧ್ಯಾಹ್ನ ಹದಿನಾಲ್ಕು ಕಡತಗಳಿಗೆ ಕೂತಲ್ಲೇ ಸಹಿ ಹಾಕಿದ್ದರು. ಅವರನ್ನು ಕೆಲಸದಿಂದ ವಜಾ ಮಾಡಲಾಗಿತ್ತು. ಹೋಗುವಾಗ ಒಂದು ಪರವಾನಗಿ ಪುಸ್ತಕ ಮತ್ತು ಮೊಹರನ್ನು ಹಿಂದಿರುಗಿಸಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಷರಾದ ಅಕ್ಷರ, ಒಂಬತ್ತು ಷರತ್ತಿನ ಅಕ್ಷರ ಒಂದೇ ಕೈಯವು. ಅದಕ್ಕೆ ತಜ್ಞರು ಬೇಕಾಗಿರಲಿಲ್ಲ.

"ಆಯಿತಲ್ಲ, ನೋಟಿಸ್ ವಾಪಸ್ ತಗೊಳ್ಳಿ" ಎಂದರು ಇನ್ಸ್‌ಪೆಕ್ಟರ್.

"ಅದು ಹಾಗಾಗಲ್ಲ ಮೇಡಂ. ಮೋಸ ಹೋದ ಮಾಲೀಕರು ಗಡುವಿನೊಳಗೆ ಹೊಸ ಅರ್ಜಿ ಹಾಕಬಹುದು, ಆಗ ನಾವು ಖುದ್ದಾಗಿ ಹೋಗಿ ನೋಡ್ಬೇಕು. ನಿಯಮ ಇದೆ. ಆದ್ರೆ ಆಯಮ್ಮನೇ ಬೇಕಂತ ಮಾಡಿಸಿಕೊಂಡಿಲ್ಲ ಅಂತ ಏನು ಗ್ಯಾರಂಟಿ? ಮಾಡಿದವನು ಸಿಗ್ಲಿ. ಅವನ ಹೇಳಿಕೆ ತನ್ನಿ."

"ತರ್ತೀನಿ" ಎಂದು ಇನ್ಸ್‌ಪೆಕ್ಟರ್ ಎದ್ದರು.

ತರುವುದು ಅಷ್ಟು ಸುಲಭವಿರಲಿಲ್ಲ. ಬುಧವಾರದ ಪತ್ರಿಕೆಯಲ್ಲಿ 'ನಕಲಿ ಪರವಾನಗಿ: ಮಾಜಿ ಪರಿಶೀಲಕನಿಗಾಗಿ ಶೋಧ' ಎಂದು ಸುದ್ದಿ ಬಂತು. ಯಾರು ಬಾಯಿ ಬಿಟ್ಟರೋ! ಬೆಳಿಗ್ಗೆ 9ಕ್ಕೆ ಅವನ ಬಾಡಿಗೆ ಮನೆಗೆ ಹೋದಾಗ ಬೀಗ ಬಿದ್ದಿತ್ತು. ಕಚೇರಿಯ ಬೆಂಚು ಖಾಲಿ. ಗುರುವಾರವೆಲ್ಲ ಬಸ್ ನಿಲ್ದಾಣ, ವಸತಿಗೃಹ, ನೆಂಟರ ಮನೆ ಜಾಲಾಡಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಸಂಜೆ ದಫೇದಾರರು ಕೈಚೆಲ್ಲಿದರು. "ಊರೇ ಬಿಟ್ಟಿರ್ತಾನೆ ಮೇಡಂ. ಇನ್ನೆಲ್ಲಿಗೆ ಬರ್ತಾನೆ?"

ಇನ್ಸ್‌ಪೆಕ್ಟರ್ ಕೇಸಿನ ಕಡತ ಎಳೆದುಕೊಂಡರು. ಮೇಸ್ತ್ರಿಯ ಹೇಳಿಕೆಯನ್ನು ಮತ್ತೊಮ್ಮೆ ಓದಿದರು. ಆಮೇಲೆ ಮೇಸ್ತ್ರಿಗೇ ಫೋನ್ ಮಾಡಿದರು.

"ಈ ಸಾಹೇಬರ ಪರವಾನಗೀಲಿ ಈಗ ಎಲ್ಲಾದ್ರೂ ಕೆಲಸ ನಡೀತಿದ್ಯಾ? ನಿಮ್ಮವರಲ್ಲಿ ಕೇಳಿ ಹೇಳಿ. ಸ್ಲ್ಯಾಬ್ ಹಾಕಿ, ಸೆಂಟ್ರಿಂಗ್ ಇನ್ನೂ ಬಿಚ್ಚದೇ ಇರೋದು."

ಮೇಸ್ತ್ರಿಗಳ ಸುದ್ದಿ ಪತ್ರಿಕೆಗಿಂತ ಬೇಗ ಓಡುತ್ತದೆ. ಮುಕ್ಕಾಲು ಗಂಟೆಯಲ್ಲಿ ಉತ್ತರ ಬಂತು. ಬ್ರೆಡ್ ಕಾರ್ಖಾನೆಯ ಹಿಂದಿನ ಬೀದಿ, ಅಲ್ಲಿನ ಕೆಲಸಗಾರನೊಬ್ಬನ ಮನೆ. ಮೊದಲನೇ ತಾರೀಕು ಕಾಂಕ್ರೀಟ್ ಹಾಕಿದ್ದು. ಇಪ್ಪತ್ತೊಂದು ದಿನ ತುಂಬಿ, ಶನಿವಾರ 22ಕ್ಕೆ ಬಿಚ್ಚಬೇಕು.

"ಪತ್ರಿಕೇಲಿ ಬಂದ ಮೇಲೂ ಬರ್ತಾನಾ?" ಎಂದರು ದಫೇದಾರರು.

"ಬರ್ತಾನೆ."

ಶನಿವಾರ ಬೆಳಿಗ್ಗೆ 8ರಿಂದ ಆ ಮನೆಯ ಮುಂದೆ ಕಾವಲು. ದಫೇದಾರರು ತಲೆಗೆ ಟವೆಲ್ ಸುತ್ತಿ ಕೂಲಿಯವನಾಗಿದ್ದರು. ಮೂರು ಬುಟ್ಟಿ ಮರಳು ಹೊರುವಷ್ಟರಲ್ಲಿ ಅವರು ಏದುಸಿರು ಬಿಡತೊಡಗಿದರು. ಮಹಿಳಾ ಪೇದೆ ಎದುರು ಅಂಗಡಿಯಲ್ಲಿದ್ದಳು. ಇನ್ಸ್‌ಪೆಕ್ಟರ್ ಸಾದಾ ಉಡುಪಿನಲ್ಲಿ ಒಳಗೋಡೆಗೆ ಒರಗಿ ನಿಂತಿದ್ದರು. ಒಂಬತ್ತು ಹೊಡೆಯಿತು. ಒಂಬತ್ತೂವರೆಯೂ ಆಯಿತು. ಅಲ್ಲಿನ ಮೇಸ್ತ್ರಿ ಗಡಿಯಾರ ನೋಡಿ, "ಇನ್ನು ಕಾಯೋಕಾಗಲ್ಲ, ಶುರು ಮಾಡ್ತೀನಿ" ಎಂದು ಮೊದಲ ಕಂಬಕ್ಕೆ ಕೈ ಹಾಕಿದ.

"ಮುಟ್ಟಬೇಡ!" ಬೀದಿಯಿಂದ ಕೂಗು ಬಂತು.

ಕುಳ್ಳಗಿನ ಮನುಷ್ಯ. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಹೆಗಲ ಚೀಲದಲ್ಲಿ ಸುತ್ತಿಗೆ. ಓಡಿ ಬಂದಿದ್ದ. ಬಾಗಿಲಲ್ಲಿ ನಿಂತು ಮೊದಲು ದಫೇದಾರರ ಕಾಲು ನೋಡಿದ. ಕೂಲಿಯವರು ಪಾಲಿಶ್ ಹಾಕಿದ ಕೆಂಪು ಬೂಟು ತೊಡುವುದಿಲ್ಲ. ಆಮೇಲೆ ಇನ್ಸ್‌ಪೆಕ್ಟರರನ್ನು ನೋಡಿದ.

"ಪೊಲೀಸ್ ಅಲ್ವಾ?"

"ಹೌದು."

"ಅರ್ಧ ಗಂಟೆ ಕೊಡ್ತೀರಾ ಮೇಡಂ? ಇದು ಮುಗಿಸಿಬಿಡ್ತೀನಿ."

ದಫೇದಾರರು ಮುಂದೆ ಹೆಜ್ಜೆ ಇಟ್ಟರು. ಇನ್ಸ್‌ಪೆಕ್ಟರ್ ಕೈ ಅಡ್ಡ ಹಿಡಿದು ತಡೆದರು. ಒಂದು ಕ್ಷಣ ಅವರಿಗೂ ಅನುಮಾನ ಬಂದಿತ್ತು. ಹಿಂಬಾಗಿಲಿನಿಂದ ಅವನು ನೆಗೆದು ಓಡಿದ್ದರೆ ಸೋಮವಾರ ಟೈಲರಮ್ಮನ ಕೋಣೆ ಮಣ್ಣುಪಾಲಾಗುತ್ತಿತ್ತು. ಆದರೂ ಹೇಳಿದರು: "ಮುಗಿಸಿ."

ಅವನು ಓಡಲಿಲ್ಲ. ಒಳಗೆ ಹೋಗಿ ಎಲ್ಲರನ್ನೂ ಹೊರಗೆ ಕಳಿಸಿದ, ಮೇಸ್ತ್ರಿಯೊಬ್ಬನನ್ನು ಉಳಿಸಿಕೊಂಡ. "ನಡುವಿಂದ ಶುರು ಮಾಡು. ನಿಧಾನಕ್ಕೆ ಗೋಡೆ ಕಡೆ ಬಾ." ಒಂದೊಂದು ಕಂಬ ಇಳಿದ ಮೇಲೂ ಸ್ಲ್ಯಾಬಿನ ಅಡಿ ಕುಟ್ಟಿ, ತಲೆ ಓರೆ ಮಾಡಿ ಕೇಳಿದ. ಬಾಲ್ಕನಿಯ ಕೆಳಗೆ ಕುಟ್ಟಿದಾಗ ಸದ್ದು ಮಂದವಾಗಿ ಬಂತು. ಅವನ ಹಣೆ ಗಂಟಾಯಿತು. "ಇದರ ಕಂಬ ಇನ್ನೊಂದು ವಾರ ಇರ್ಲಿ. 29ಕ್ಕೆ ತೆಗಿ. ಅಲ್ಲೀತನಕ ಯಾರೂ ಕೆಳಗೆ ನಿಲ್ಲಬಾರದು. ಗೊತ್ತಾಯ್ತಾ?"

ಹೊರಗೆ ಬಂದು ಸುತ್ತಿಗೆಯನ್ನು ಇನ್ಸ್‌ಪೆಕ್ಟರರ ಕೈಗೆ ಕೊಟ್ಟ. ಆಮೇಲೆ ಎರಡೂ ಕೈ ಮುಂದೆ ಚಾಚಿದ. 10.25ಕ್ಕೆ ಬಂಧನ. ಚೀಲದಲ್ಲಿ ಪರವಾನಗಿ ಪುಸ್ತಕ, ಮೊಹರು, ಒಂದು ನೋಟ್‌ಬುಕ್. ಅದರಲ್ಲಿ ಹನ್ನೊಂದು ಮನೆಗಳ ವಿಳಾಸ, ಪ್ರತಿ ಮನೆಗೂ ಮೂರು ದಿನಾಂಕ. ಎಲ್ಲ ಪರವಾನಗಿಗಳಿಗೂ ಒಂದೇ ಸಂಖ್ಯೆ, 417.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಇನ್ಸ್‌ಪೆಕ್ಟರರ ದನಿ ಬಿಗಿಯಾಗಿಯೇ ಇತ್ತು.

"ಟೈಲರಮ್ಮನಿಗೆ ಇದು ಸುಳ್ಳು ಅಂತ ಗೊತ್ತಿತ್ತಾ?"

"ಇಲ್ಲ. ಯಾರಿಗೂ ಗೊತ್ತಿರಲಿಲ್ಲ."

"ಯಾಕೆ ಮಾಡಿದ್ರಿ?"

"ಆ ಕಚೇರಿಯಿಂದ ವಾಪಸ್ ಹೋಗೋರನ್ನ ನೋಡ್ತಿದ್ದೆ ಮೇಡಂ. ಪರವಾನಗಿ ಸಿಗಲಿಲ್ಲ ಅಂತ ಯಾರೂ ಸುಮ್ಮನಿರಲ್ಲ. ಕದ್ದು ಕಟ್ತಾರೆ. ಯಾರೂ ನೋಡೋರಿರಲ್ಲ. ನಾನು ಹೋಗಿ, ಅಲ್ಲಿ ಕಂಬ ಬೇಕು ಅಂದ್ರೆ ಯಾವ ಮೇಸ್ತ್ರಿ ಕೇಳ್ತಾನೆ? ಕೈಯಲ್ಲಿ ಕಾಗದ ಇದ್ರೆ ಕೇಳ್ತಾನೆ."

"ಮನೆ ಬೀಳದ ಹಾಗೆ ನೋಡಿಕೊಂಡ್ರಿ. ಆದ್ರೆ ಕಾಗದ ಸುಳ್ಳಾದ್ರೂ ಮನೆ ಬೀಳುತ್ತೆ. ಅದು ಹೊಳೀಲಿಲ್ವಾ? ಆ ಹೆಂಗಸು ಸೋಮವಾರದಿಂದ ಸರಿಯಾಗಿ ಊಟ ಮಾಡಿಲ್ಲ."

ಅವನು ತಲೆ ತಗ್ಗಿಸಿದ. ಹೇಳಿಕೆಗೆ ಸಹಿ ಹಾಕಿದ. ನ್ಯಾಯಾಲಯ, ಉಳಿದ ಮನೆಗಳ ತನಿಖೆಗೆಂದು ಅವನನ್ನು ಮೂರು ದಿನ ಪೊಲೀಸ್ ವಶಕ್ಕೆ ಕೊಟ್ಟಿತು.

24ನೇ ತಾರೀಕು, ಸೋಮವಾರ, 10.30. ಕೆಡವುವ ಯಂತ್ರ ಟೈಲರಮ್ಮನ ಮನೆಯ ಮುಂದೆ ಆಗಲೇ ಬಂದು ನಿಂತಿತ್ತು. ಕಚೇರಿಯ ಬಾಗಿಲು ತೆರೆಯುತ್ತಲೇ ಟೈಲರಮ್ಮನಿಂದ ಹೊಸ ಅರ್ಜಿಯನ್ನೂ ಜೊತೆಗೆ ಆರೋಪಿಯ ಹೇಳಿಕೆಯನ್ನೂ ಕೌಂಟರಿನಲ್ಲಿ ಕೊಡಿಸಿ, ರಸೀದಿ ಹಾಕಿಸಿಕೊಂಡು, ಅವಳನ್ನೂ ಮುಖ್ಯಾಧಿಕಾರಿಯನ್ನೂ ಇನ್ಸ್‌ಪೆಕ್ಟರ್ ತಮ್ಮದೇ ಜೀಪಿನಲ್ಲಿ ಕೂರಿಸಿಕೊಂಡು ಬಂದರು. "ಬೆಂಚಿನ ಮೇಲೆ ಕೂತೋರ ಕೈಗೆ ಇನ್ನು ಕಾಗದ ಕೊಡಬೇಡಿ. ಕೌಂಟರು, ರಸೀದಿ, ಅಷ್ಟೇ" ಎಂದು ದಾರಿಯಲ್ಲಿ ಟೈಲರಮ್ಮನಿಗೆ ಗದರಿದ್ದರು. ಅವಳು ತಲೆಯಾಡಿಸಿದ್ದಳು.

ಮುಖ್ಯಾಧಿಕಾರಿ ಮೇಲೆ ಹತ್ತಿದರು. ಗೋಡೆಗೆ ಉಪಕರಣ ಇಟ್ಟು ನೋಡಿದರು, ಅಳೆದರು, ಮೂಲೆಯ ಕಂಬ ಕುಟ್ಟಿದರು. ಟೈಲರಮ್ಮ ಬಾಗಿಲಲ್ಲಿ ನಿಂತಿದ್ದಳು. 11 ಆಗಲು ಐದು ನಿಮಿಷವಿರುವಾಗ ಅವರು ಕೈಯ ಧೂಳು ಕೊಡವಿಕೊಂಡರು.

"ನಮ್ಮ ಕಚೇರಿ ಕಟ್ಟಡಾನೂ ಇಷ್ಟು ಗಟ್ಟಿ ಇಲ್ಲ. ಯಂತ್ರ ವಾಪಸ್ ಕಳಿಸಿ."

ಯಂತ್ರ ಗುಡುಗುಡು ಸದ್ದು ಮಾಡುತ್ತ ಹಿಂದೆ ಸರಿಯಿತು. ಕೆಳಗೆ ಮಂಚದ ಮೇಲೆ ಆಂಬ್ಯುಲೆನ್ಸ್ ಡ್ರೈವರ್ ಅಷ್ಟು ಸದ್ದಿನಲ್ಲೂ ಗೊರಕೆ ಹೊಡೆಯುತ್ತಿದ್ದ.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಲಾಕಪ್ಪಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಕೇಸಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಒಂದು ಪ್ರಶ್ನೆ ಮಾತ್ರ ಉಳಿದಿತ್ತು.

"ಎಲ್ಲದಕ್ಕೂ 417 ಅಂತಾನೇ ಯಾಕೆ ಹಾಕಿದ್ರಿ? ಬೇರೆ ನಂಬರ್ ಹಾಕಿದ್ರೆ ನಮಗೆ ಸಿಗ್ತಾನೇ ಇರಲಿಲ್ಲ."

ಅವನು ಎದ್ದು ಬಂದು ಕಂಬಿ ಹಿಡಿದುಕೊಂಡ.

"ಆ ನಂಬರಲ್ಲಿ ಬಿದ್ದ ಮನೆ ಒಂದೇ ಇತ್ತು ಮೇಡಂ. ನಿಂತಿರೋ ಮನೆಗಳೂ ಇರ್ಲಿ ಅನ್ನಿಸ್ತು."

ಇನ್ಸ್‌ಪೆಕ್ಟರ್ ಎದ್ದರು. ಅವನು ಕರೆದ.

"ಟೈಲರಮ್ಮನ ರೂಮು?"

"ನಿಂತಿದೆ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. "29ಕ್ಕೆ ಆ ಬಾಲ್ಕನಿ ಕಂಬ ತೆಗೀಬೇಕು. ಯಾರಾದ್ರೂ ಹೋಗಿ ನೋಡ್ಬೇಕು ಮೇಡಂ. ಸುಮ್ಮನೆ ಸಹಿ ಹಾಕೋದಲ್ಲ, ಹೋಗಿ ನೋಡ್ಬೇಕು."

ಇನ್ಸ್‌ಪೆಕ್ಟರ್ ತಮ್ಮ ಕೋಣೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ 29ನೇ ತಾರೀಕಿಗೆ ಸುತ್ತು ಹಾಕಿದರು. ಪಕ್ಕದಲ್ಲಿ ಬರೆದರು: 'ಮುಖ್ಯಾಧಿಕಾರಿಯನ್ನು ಬೆಳಿಗ್ಗೆ 9ಕ್ಕೆ ಕರೆದುಕೊಂಡು ಹೋಗುವುದು. ಜೊತೆಗೆ ಸುತ್ತಿಗೆ.'