ಒದ್ದೆ ಬಟ್ಟಲು

"ಈ ಬಟ್ಟಲು ಯಾರು ತೊಳೆದ್ರು?"

ಡಾಕ್ಟರ್ ಅರ್ಹೆಮೀರೋ ಕೇಳಿದಾಗ ಡಯಾನಿಸ್ ಖುಷಿಯಿಂದ ಕೈ ಎತ್ತಿದಳು. "ನಾನು! ಸೋಪ್ ಹಾಕಿ ಎರಡು ಸಲ!"

ಯಾರೂ ಶಭಾಷ್ ಅನ್ನಲಿಲ್ಲ. ಮೀನುಮರಿ ಬೆಳೆಸುವ ಆ ಕೇಂದ್ರದಲ್ಲೇ ಕೆಲಸ ಮಾಡುವ ಅವಳ ಅಮ್ಮ ನೂರಿಸ್, ಮೊಟ್ಟೆ ಕಲಸಲು ಹಿಡಿದಿದ್ದ ಕೋಳಿಗರಿಯನ್ನು ಮೆಲ್ಲನೆ ಮೇಜಿನ ಮೇಲಿಟ್ಟಳು.

ಬಟ್ಟಲಲ್ಲಿದ್ದದ್ದು ಒಂದು ಗಂಡು ಬೊಕಾಚೀಕೊ ಮೀನಿನ ವೀರ್ಯ. ಕೇಂದ್ರದವರು ಅದನ್ನು 'ಹಾಲು' ಅನ್ನುತ್ತಿದ್ದರು. ಎಂಟು ವರ್ಷ ಅದು ತೆಳ್ಳನೆಯ ಸ್ಟ್ರಾಗಳೊಳಗೆ, ಹೊಗೆಯಾಡುವ ನೈಟ್ರೋಜನ್ ಡಬ್ಬಿಯಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಆ ಮೀನನ್ನು ಸಿನೂ ನದಿಯಲ್ಲಿ ಹಿಡಿದು ಕೊಟ್ಟವನು ಡಯಾನಿಸಳ ತಾತ. ಅಂಥ ದೊಡ್ಡ ಮೀನು ಆಮೇಲೆ ಯಾರ ಬಲೆಗೂ ಬಿದ್ದಿರಲಿಲ್ಲ. ಉಳಿದಿದ್ದ ಕೊನೆಯ ನಾಲ್ಕು ಸ್ಟ್ರಾಗಳನ್ನು ಈಗಷ್ಟೇ ಕರಗಿಸಿ ಸುರಿದಿದ್ದರು.

"ತಳದಲ್ಲಿ ನೀರಿತ್ತು," ಎಂದರು ಡಾಕ್ಟರ್. "ನೀರು ತಾಗಿದ್ರೆ ಸಾಕು, ಇವು ನದಿ ಬಂತು ಅಂದ್ಕೊಂಡು ಈಜೋಕೆ ಶುರು ಮಾಡ್ತವೆ. ಒಂದು ನಿಮಿಷ, ಅಷ್ಟೇ. ಆಮೇಲೆ ನಿಂತುಬಿಡ್ತವೆ. ಮೊಟ್ಟೆ ಇನ್ನೂ ಹೆಣ್ಣು ಮೀನಿನ ಹೊಟ್ಟೇಲೇ ಇದೆ."

"ಒರೆಸ್ತೀನಿ! ಈಗ್ಲೇ ಒರೆಸ್ತೀನಿ!"

"ಬೇಡ, ಪುಟ್ಟಿ."

ಆದರೂ ಅವರು ಹೆಣ್ಣು ಮೀನಿನ ಹೊಟ್ಟೆ ಒತ್ತಿ ಮೊಟ್ಟೆ ಇಳಿಸಿದರು. ಅಮ್ಮ ಅದನ್ನೂ ಹಾಲನ್ನೂ ಗರಿಯಿಂದ ಕಲಸಿದಳು.

"ಅಮ್ಮಾ, ಏನೇ ಮುಟ್ಟೋ ಮೊದ್ಲು ತೊಳಿ ಅಂತ ನೀನೇ ತಾನೇ ಹೇಳೋದು?"

"ಹೌದು. ನಾನೇ ಹೇಳೋದು."

ಅಮ್ಮ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.

ಸಂಜೆ ಐದಕ್ಕೆ ತೊಟ್ಟಿಯ ತುಂಬ ಮೊಟ್ಟೆಗಳು ನೆನೆಸದ ಸಾಬಕ್ಕಿಯಂತೆ ಬೆಳ್ಳಗಾಗಿದ್ದವು. ಬದುಕಿದ್ದರೆ ಬೆಂದ ಸಾಬಕ್ಕಿಯಂತೆ ತಿಳಿಯಾಗಿರಬೇಕಿತ್ತು. ಡಯಾನಿಸ್ ಗಾಜಿಗೆ ಮೂಗು ಒತ್ತಿ ಹುಡುಕಿದಳು. ಈ ಮೂಲೆ, ಆ ಮೂಲೆ, ಮತ್ತೆ ಈ ಮೂಲೆ. ತಿಳಿಯಾದದ್ದು ಒಂದೂ ಇರಲಿಲ್ಲ.

ಅಷ್ಟರಲ್ಲಿ ಗೇಟಿನ ಹತ್ತಿರ ತಾತನ ಧ್ವನಿ ಕೇಳಿಸಿತು.

"ನೂರಿಸ್! ಏ ಮಗಳೇ! ನನ್ನ ಮುದುಕ ಮೀನು ಅಪ್ಪ ಆದ್ನೋ ಇಲ್ವೋ? ಎಷ್ಟು ಸಾವಿರ ಮಕ್ಳು? ಹಂಚೋಕೆ ಒಂದು ಬುಟ್ಟಿ ಮಾವಿನಹಣ್ಣು ಹೊತ್ಕೊಂಡು ಬಂದಿದೀನಿ ಕಣೇ!"

ಅಮ್ಮ ಕೈ ಒರೆಸಿಕೊಂಡಳು. "ನೀನು ಇಲ್ಲೇ ಇರು. ನೈಟ್ರೋಜನ್ ಡಬ್ಬಿ ಕೆಟ್ಟುಹೋಯ್ತು ಅಂತ ಹೇಳ್ತೀನಿ."

ಡಯಾನಿಸ್ ಯೋಚಿಸಿದಳು. ತಾತ ಡಬ್ಬಿಯನ್ನು ಚೆನ್ನಾಗಿ ಬೈಯುತ್ತಾನೆ. ನಾಳೆ ಬಂದು, "ರಿಪೇರಿ ಆಯ್ತಾ?" ಅನ್ನುತ್ತಾನೆ. ನಾಡಿದ್ದೂ ಬರುತ್ತಾನೆ. ಆಚೆ ನಾಡಿದ್ದೂ ಬರುತ್ತಾನೆ.

ಅವಳು ಅಮ್ಮನ ಕೈ ಹಿಡಿದು ನಿಲ್ಲಿಸಿ, ತಾನೇ ಗೇಟಿನ ಕಡೆ ನಡೆದಳು.

"ತಾತಾ," ಎಂದಳು, "ಮೊದ್ಲು ಆ ಬುಟ್ಟಿ ಕೆಳಗಿಡು."